ಸ್ಟೆಂಟ್ ಹಾಕಿಸಿಕೊಂಡವರಿಗೆ ‘ಒಂದೇ ಒಂದು’ ಸಿಗರೇಟೂ ಬೇಡ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೆಟ್ಟಿಲು ಹತ್ತಬಹುದಾ, ಬೈಕ್ ಓಡಿಸಬಹುದಾ, ಮೊಟ್ಟೆ ತಿನ್ನಬಹುದಾ, ಕೆಲಸಕ್ಕೆ ಯಾವಾಗ ಹೋಗಬಹುದು. ಹೆಂಡತಿಯೋ ಮಗಳೋ ಬಿಲ್ ಕಟ್ಟಲು ಆಚೆ ಹೋದಾಗ ತಗ್ಗಿದ ದನಿಯಲ್ಲಿ ಬರುವ ಪ್ರಶ್ನೆಯೇ ಬೇರೆ: ‘ಡಾಕ್ಟ್ರೇ, ಪೂರ್ತಿ ಬಿಡೋದು ಕಷ್ಟ. ದಿನಕ್ಕೆ ಒಂದೋ ಎರಡೋ ಸೇದಿದ್ರೆ ಏನಾದ್ರೂ ತೊಂದರೆನಾ?’

ತೊಂದರೆ ಇದೆ, ದೊಡ್ಡದೇ ಇದೆ. ದಿನಕ್ಕೆ ಇಪ್ಪತ್ತು ಸೇದುವವರು ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ಹೃದಯಕ್ಕೆ ಈ ಲೆಕ್ಕ ಒಪ್ಪುವುದಿಲ್ಲ. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟ್ ಸೇದುವವರಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಎಷ್ಟಿರುತ್ತದೋ ಅದರ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ. ಹತ್ತೊಂಬತ್ತು ಬಿಟ್ಟರೂ ಅರ್ಧ ಅಪಾಯ ಹಾಗೆಯೇ ಉಳಿಯುತ್ತದೆ. ರಕ್ತನಾಳದ ಒಳಪದರ ಮತ್ತು ರಕ್ತ ಹೆಪ್ಪುಗಟ್ಟಿಸುವ ಕಣಗಳು ಅಷ್ಟು ಕಡಿಮೆ ಹೊಗೆಗೇ ಕೆರಳಿಬಿಡುತ್ತವೆ. ಆಮೇಲೆ ಎಷ್ಟು ಸೇದಿದರೂ ಏರಿಕೆ ನಿಧಾನ.

ಸ್ಟೆಂಟ್ ಒಳಗಿರುವ ಎದೆಯಲ್ಲಿ ಇದರ ಅರ್ಥವೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸ್ಟೆಂಟ್ ಮಾಡುವ ಕೆಲಸ

ಬಲೂನು ಹಾಯಿಸಿ ಹೃದಯದ ರಕ್ತನಾಳವನ್ನು ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಚಿಕಿತ್ಸೆಯನ್ನು ಆಂಡ್ರಿಯಾಸ್ ಗ್ರುಂಟ್‌ಜಿಗ್ ಮೊದಲು ಮಾಡಿದ್ದು 1977ರ ಸೆಪ್ಟೆಂಬರ್ 16ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಬಲೂನು ತೆಗೆದ ಮೇಲೆ ನಾಳ ಮತ್ತೆ ಮುದುಡಿಕೊಳ್ಳುವುದು ಅಂದಿನ ದೊಡ್ಡ ತಲೆನೋವು. ಹಿಗ್ಗಿಸಿದ ಜಾಗ ಹಾಗೇ ತೆರೆದಿರಲಿ ಎಂದು ಲೋಹದ ಬಲೆಯ ಕೊಳವೆಯನ್ನು ಅಲ್ಲೇ ಬಿಟ್ಟು ಬರುವ ಕ್ರಮ ಬಂದದ್ದು 1986ರಲ್ಲಿ. ಅದೇ ಸ್ಟೆಂಟ್. ಬರೀ ಲೋಹದ ಸ್ಟೆಂಟಿನೊಳಗೆ ಗಾಯ ಮಾಯುವ ಅಂಗಾಂಶ ಅತಿಯಾಗಿ ಬೆಳೆದು ನಾಳ ಕಿರಿದಾಗುತ್ತಿತ್ತು. ಅದನ್ನು ತಡೆಯಲು ಈ ಶತಮಾನದ ಆರಂಭದಲ್ಲಿ ಔಷಧ ಲೇಪಿಸಿದ ಸ್ಟೆಂಟ್‌ಗಳು ಬಂದವು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಹಾಕುವುದು ಬಹುಪಾಲು ಇವನ್ನೇ.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ದರಕ್ಕೆ 29,600 ರೂಪಾಯಿಯ ಮಿತಿ ಹಾಕಿತು. ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ಈ ಚಿಕಿತ್ಸೆ ಸಿಗುತ್ತದೆ. ಒಂದು ಕಾಲಕ್ಕೆ ಉಳ್ಳವರಿಗಷ್ಟೇ ಎನ್ನುವಂತಿದ್ದ ಸ್ಟೆಂಟ್ ಈಗ ಬಸ್ ಕಂಡಕ್ಟರ್, ಗಾರೆ ಕೆಲಸದವರು, ತೋಟದ ಕೂಲಿಗಳವರೆಗೂ ಬಂದಿದೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಸ್ಟೆಂಟ್ ಹಾಕಿದ ಮೇಲಿನ ಆರೈಕೆ ಅದೇ ವೇಗದಲ್ಲಿ ಜನರಿಗೆ ತಲುಪಿಲ್ಲ. ‘ಬ್ಲಾಕ್ ತೆಗೆಸಿದ್ದಾಯ್ತು, ಇನ್ನೇನು’ ಎಂಬ ನೆಮ್ಮದಿ ಹುಟ್ಟುವುದು ಇಲ್ಲಿಯೇ.

ಸ್ಟೆಂಟ್ ಬ್ಲಾಕನ್ನು ತೆಗೆಯುವುದಿಲ್ಲ. ಕೊಬ್ಬು, ಸುಣ್ಣ, ಊತ ಸೇರಿ ಗಟ್ಟಿಯಾದ ಗಡ್ಡೆಯನ್ನು ಗೋಡೆಗೆ ಒತ್ತಿ ಹಿಡಿದು ದಾರಿ ಮಾಡಿಕೊಡುತ್ತದೆ, ಅಷ್ಟೆ. ಅದು ಕೂತಿರುವುದು ಎರಡು ಮೂರು ಸೆಂಟಿಮೀಟರ್ ಉದ್ದದ ಜಾಗದಲ್ಲಿ. ಆ ಗಡ್ಡೆ ಬೆಳೆಸಿದ ಕಾಯಿಲೆ ಹೃದಯದ ಎಲ್ಲ ರಕ್ತನಾಳಗಳಲ್ಲೂ, ಮೆದುಳಿಗೆ ಹೋಗುವ, ಕಾಲಿಗೆ ಇಳಿಯುವ ನಾಳಗಳಲ್ಲೂ ಹರಡಿಕೊಂಡಿರುತ್ತದೆ. ಸೇದುವವರ ಹೊಗೆ ಅಷ್ಟೂ ಕಡೆ ಕೆಲಸ ಮಾಡುತ್ತದೆ.

ಲೋಹ, ರಕ್ತ ಮತ್ತು ಹೊಗೆ

ಈಗಿನ ಸ್ಟೆಂಟಿನ ಎಳೆಗಳು 60ರಿಂದ 80 ಮೈಕ್ರಾನ್ ದಪ್ಪ, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಈ ಎಳೆಗಳು ನಾಳದ ಗೋಡೆಗೆ ಒತ್ತಿಕೊಂಡಾಗ ಅಲ್ಲಿನ ನವಿರಾದ ಒಳಪದರ ಹರಿಯುತ್ತದೆ. ರಕ್ತಕ್ಕೆ ಬರಿಯ ಲೋಹ ಕಾಣುತ್ತದೆ. ಹೊರಗಿನ ವಸ್ತು ಕಂಡೊಡನೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುವುದು ದೇಹದ ಸಹಜ ಸ್ವಭಾವ. ಕೈ ಕೊಯ್ದುಕೊಂಡಾಗ ರಕ್ತ ನಿಲ್ಲಿಸುವುದೂ ಇವೇ ಕಣಗಳು. ಸ್ಟೆಂಟಿನ ಮೇಲೆ ಅವು ಹೀಗೆ ಗುಂಪುಗೂಡಿದರೆ ಮೂರು ಮಿಲಿಮೀಟರ್ ಅಗಲದ ನಾಳ ಕೆಲವೇ ನಿಮಿಷಗಳಲ್ಲಿ ಮುಚ್ಚಿಹೋಗಬಹುದು.

ದಿನಕಳೆದಂತೆ ಲೋಹದ ಎಳೆಗಳ ಮೇಲೆ ಹೊಸ ಒಳಪದರ ಬೆಳೆದು ಅವನ್ನು ಮುಚ್ಚುತ್ತದೆ. ಔಷಧ ಲೇಪಿತ ಸ್ಟೆಂಟಿನಲ್ಲಿ ಇದಕ್ಕೆ ತಿಂಗಳುಗಳೇ ಬೇಕು, ಏಕೆಂದರೆ ಅತಿ ಬೆಳವಣಿಗೆಯನ್ನು ತಡೆಯುವ ಆ ಔಷಧವೇ ಈ ಬೆಳವಣಿಗೆಯನ್ನೂ ನಿಧಾನ ಮಾಡುತ್ತದೆ. ಅಲ್ಲಿಯವರೆಗೆ ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸಲು ಕೊಡುವುದೇ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್. ನಮ್ಮ ಜನ ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುವುದು ಇವನ್ನೇ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ, ಉಳಿದವರಿಗೆ ಆರು ತಿಂಗಳು ಎರಡೂ ಮಾತ್ರೆಗಳು ಜೊತೆಯಾಗಿ ನಡೆಯುತ್ತವೆ. ರೋಗಿಯ ಸ್ಥಿತಿ ನೋಡಿ ವೈದ್ಯರು ಈ ಅವಧಿಯನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ.

ಈ ಹೊತ್ತಿನಲ್ಲಿ ಒಂದು ಸಿಗರೇಟ್ ಹಚ್ಚಿದರೆ ಏನಾಗುತ್ತದೆ? ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ತಲುಪಿ ಅಡ್ರಿನಲಿನ್ ಬಿಡಿಸುತ್ತದೆ. ನಾಡಿ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ನಾಳಗಳು ಬಿಗಿಯುತ್ತವೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ಅನಿಲ. ಹೃದಯ ಹೆಚ್ಚು ಆಮ್ಲಜನಕ ಬೇಡುವ ಕ್ಷಣದಲ್ಲೇ ರಕ್ತ ಕಡಿಮೆ ಆಮ್ಲಜನಕ ಹೊತ್ತು ಬರುತ್ತದೆ. ಇವೆರಡಕ್ಕಿಂತಲೂ ಸ್ಟೆಂಟಿಗೆ ನೇರವಾಗಿ ತಾಗುವ ಸಂಗತಿ ಇನ್ನೊಂದಿದೆ. ಆರೋಗ್ಯವಂತ ಒಳಪದರ ನೈಟ್ರಿಕ್ ಆಕ್ಸೈಡ್ ಸ್ರವಿಸಿ ಪ್ಲೇಟ್‌ಲೆಟ್‌ಗಳು ಅಂಟದಂತೆ ನೋಡಿಕೊಳ್ಳುತ್ತದೆ. ಹೊಗೆಯ ರಾಸಾಯನಿಕಗಳು ಆ ಸ್ರಾವವನ್ನು ಕುಗ್ಗಿಸುತ್ತವೆ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ, ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಅಂಟಂಟಾಗಿಸುತ್ತವೆ. ಬೆಳಿಗ್ಗೆ ನುಂಗಿದ ಮಾತ್ರೆ ಯಾವ ಕಣವನ್ನು ಸುಮ್ಮನಿರಿಸಲು ಹೆಣಗುತ್ತಿದೆಯೋ, ತಿಂಡಿಯಾದ ಮೇಲೆ ಹಚ್ಚಿದ ಸಿಗರೇಟು ಅದೇ ಕಣವನ್ನು ಎಬ್ಬಿಸುತ್ತದೆ.

ಸ್ಟೆಂಟಿನೊಳಗೆ ಹೀಗೆ ರಕ್ತ ಹೆಪ್ಪುಗಟ್ಟುವುದಕ್ಕೆ ಸ್ಟೆಂಟ್ ಥ್ರಾಂಬೋಸಿಸ್ ಎನ್ನುತ್ತಾರೆ. ಈಗಿನ ಸ್ಟೆಂಟ್‌ಗಳಲ್ಲಿ ಮೊದಲ ವರ್ಷ ಇದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಆಗುತ್ತದೆ. ಸಂಖ್ಯೆ ಚಿಕ್ಕದು ಎಂದು ಹಗುರವಾಗಿ ಕಾಣಬಾರದು. ಆದವರಿಗೆ ಬಹುತೇಕ ದೊಡ್ಡ ಹೃದಯಾಘಾತವೇ ಆಗುತ್ತದೆ, ಐವರಲ್ಲಿ ಕನಿಷ್ಠ ಒಬ್ಬರು ಸಾಯುತ್ತಾರೆ. ವರ್ಷ ಕಳೆದರೂ ಈ ಅಪಾಯ ಸೊನ್ನೆಯಾಗುವುದಿಲ್ಲ. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಮಾತ್ರೆಗಳನ್ನು ಅವಧಿಗೆ ಮೊದಲೇ ನಿಲ್ಲಿಸುವುದು. ಸಕ್ಕರೆ ಕಾಯಿಲೆ, ಚಿಕ್ಕ ನಾಳ, ಉದ್ದನೆಯ ಸ್ಟೆಂಟ್, ಸ್ಟೆಂಟ್ ಸರಿಯಾಗಿ ಅರಳದಿರುವುದು ಇವೂ ಪಟ್ಟಿಯಲ್ಲಿವೆ. ಧೂಮಪಾನವೂ ಅದೇ ಪಟ್ಟಿಯಲ್ಲಿದೆ. ಇವುಗಳಲ್ಲಿ ನಾಳದ ಗಾತ್ರ, ಸ್ಟೆಂಟಿನ ಉದ್ದ ರೋಗಿಯ ಕೈಯಲ್ಲಿಲ್ಲ. ಮಾತ್ರೆ ಮತ್ತು ಸಿಗರೇಟು ಮಾತ್ರ ಅವರ ಕೈಯಲ್ಲೇ ಇವೆ.

ಇನ್ನೊಂದು ತೊಡಕು ನಿಧಾನದ್ದು. ಸ್ಟೆಂಟಿನೊಳಗೆ ಮತ್ತೆ ಅಂಗಾಂಶ ಬೆಳೆದೋ, ವರ್ಷಗಳ ನಂತರ ಹೊಸದಾಗಿ ಕೊಬ್ಬಿನ ಪದರ ಕಟ್ಟಿಯೋ ದಾರಿ ಕಿರಿದಾಗುವುದು. ಸೇದುವವರಲ್ಲಿ ಹೊಸ ಬ್ಲಾಕ್‌ಗಳು ಸ್ಟೆಂಟ್ ಇಲ್ಲದ ಜಾಗದಲ್ಲೂ ಹುಟ್ಟಿಕೊಳ್ಳುತ್ತವೆ. ಮತ್ತೆ ಆಂಜಿಯೋಗ್ರಾಂ, ಮತ್ತೊಂದು ಸ್ಟೆಂಟ್, ಕೆಲವರಿಗೆ ಬೈಪಾಸ್.

ಸೇದುವವರಿಗೇ ಒಳ್ಳೆಯದಂತೆ?

ಅಂತರ್ಜಾಲದಲ್ಲಿ ಹುಡುಕುವ ಅಭ್ಯಾಸ ಇರುವವರ ಕಣ್ಣಿಗೆ ಒಂದು ವಿಚಿತ್ರ ಮಾತು ಬಿದ್ದಿರಬಹುದು: ಹೃದಯಾಘಾತವಾದ ಧೂಮಪಾನಿಗಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಕ್ಲೋಪಿಡೋಗ್ರೆಲ್ ಅವರಿಗೇ ಚೆನ್ನಾಗಿ ಹತ್ತುತ್ತದೆ ಎಂಬುದು. ಇದು ಪೂರಾ ಸುಳ್ಳಲ್ಲ. ಹಾಗಾಗಿಯೇ ಅಪಾಯಕಾರಿ.

ಕೆಲವು ಹಳೆಯ ಅಧ್ಯಯನಗಳಲ್ಲಿ ಸೇದುವವರ ಸಾವಿನ ಪ್ರಮಾಣ ಮೇಲ್ನೋಟಕ್ಕೆ ಕಡಿಮೆ ಕಂಡದ್ದು ಹೌದು. ಕಾರಣ ಸರಳ. ಸೇದದವರಿಗೆ ಅರವತ್ತರ ಆಸುಪಾಸಿನಲ್ಲಿ ಬರುವ ಹೃದಯಾಘಾತ ಸೇದುವವರಿಗೆ ಎಷ್ಟೋ ವರ್ಷ ಮೊದಲೇ ಬಂದಿರುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇನ್ನೂ ಶುರುವಾಗಿರದ ವಯಸ್ಸು ಅದು. ವಯಸ್ಸು ಚಿಕ್ಕದಾದ್ದರಿಂದ ಬದುಕುಳಿದರೇ ಹೊರತು ಹೊಗೆಯಿಂದಲ್ಲ. ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಆ ‘ಲಾಭ’ ಕರಗಿಹೋಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 40 ವರ್ಷದೊಳಗಿನ ಹೃದ್ರೋಗಿಗಳ ಬಗ್ಗೆ ನಡೆಸಿದ ಅಧ್ಯಯನದಲ್ಲೂ ಎದ್ದು ಕಂಡ ಕಾರಣ ಧೂಮಪಾನವೇ. ಮೂವತ್ತೈದರ ಮಗ ಐಸಿಯುನಲ್ಲಿ, ಅರವತ್ತೈದರ ಅಪ್ಪ ಹೊರಗಿನ ಬೆಂಚಿನ ಮೇಲೆ ಎನ್ನುವ ದೃಶ್ಯ ನಮ್ಮ ಊರುಗಳಲ್ಲಿ ಅಪರೂಪವಾಗಿ ಉಳಿದಿಲ್ಲ. ಇದನ್ನು ಲಾಭ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕ್ಲೋಪಿಡೋಗ್ರೆಲ್ ವಿಷಯದಲ್ಲಿ ಸ್ವಲ್ಪ ಸತ್ಯವಿದೆ. ಈ ಮಾತ್ರೆ ಯಕೃತ್ತಿನಲ್ಲಿ ಬದಲಾಗಿಯೇ ಕೆಲಸಕ್ಕೆ ಇಳಿಯಬೇಕು. ಹೊಗೆಯಲ್ಲಿರುವ ಟಾರಿನ ಅಂಶಗಳು ಅಲ್ಲಿನ ಒಂದು ಕಿಣ್ವವನ್ನು ಚುರುಕು ಮಾಡುವುದರಿಂದ ಸೇದುವವರಲ್ಲಿ ಮಾತ್ರೆಯ ಪರಿಣಾಮ ತುಸು ಹೆಚ್ಚಬಹುದು. ಆದರೆ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತಿರುವುದು ಅದೇ ಹೊಗೆ. ಮಾತ್ರೆ ಚೆನ್ನಾಗಿ ಹತ್ತಲಿ ಎಂದು ಸೇದುವುದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಸಿಗರೇಟ್ ಬಿಟ್ಟ ಸುದ್ದಿಯನ್ನು ಮಾತ್ರ ಹೃದ್ರೋಗ ತಜ್ಞರಿಗೆ ತಿಳಿಸಿ. ಬೇಕೆನಿಸಿದರೆ ಅವರು ಮಾತ್ರೆ ಬದಲಿಸುತ್ತಾರೆ, ಅದಕ್ಕೆ ದಾರಿಗಳಿವೆ.

ಬಿಟ್ಟರೆ ಸಿಗುವುದೆಷ್ಟು

ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು 5,400ಕ್ಕೂ ಹೆಚ್ಚು ಆಂಜಿಯೋಪ್ಲಾಸ್ಟಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1997ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಮಾಡಿದರು. ಚಿಕಿತ್ಸೆಯ ನಂತರವೂ ಸೇದುತ್ತಲೇ ಇದ್ದವರಲ್ಲಿ, ಎಂದೂ ಸೇದದವರಿಗೆ ಹೋಲಿಸಿದರೆ, ಸಾವಿನ ಅಪಾಯ ಶೇ 76ರಷ್ಟು ಹೆಚ್ಚು. ದೊಡ್ಡ ಹೃದಯಾಘಾತದ ಅಪಾಯ ಎರಡು ಪಟ್ಟು. ಚಿಕಿತ್ಸೆಯಾದ ಮೇಲೆ ಬಿಟ್ಟವರಿಗೆ ಹೋಲಿಸಿದರೂ ಸೇದುವವರ ಸಾವಿನ ಅಪಾಯ ಶೇ 44ರಷ್ಟು ಹೆಚ್ಚಿತ್ತು. ಬಲೂನು ಚಿಕಿತ್ಸೆಯೇ ಹೆಚ್ಚಾಗಿದ್ದ ಕಾಲದ ಲೆಕ್ಕ ಇದು. ಸ್ಟೆಂಟುಗಳು ಸುಧಾರಿಸಿವೆ, ಹೊಗೆ ಸುಧಾರಿಸಿಲ್ಲ.

2003ರಲ್ಲಿ ಹೃದ್ರೋಗಿಗಳ ಮೇಲಿನ 20 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಧೂಮಪಾನ ಬಿಟ್ಟವರಲ್ಲಿ ಸಾವಿನ ಅಪಾಯ ಶೇ 36ರಷ್ಟು ಕಡಿಮೆ ಎಂದು ಕಂಡುಬಂತು. ಕೊಲೆಸ್ಟರಾಲ್ ಮಾತ್ರೆ, ಆಸ್ಪಿರಿನ್, ಬಿ.ಪಿ. ಮಾತ್ರೆ ಯಾವುದರ ಪಕ್ಕ ಇಟ್ಟರೂ ಇದು ಕಡಿಮೆ ಬೀಳದ ಲಾಭ. ದೊಡ್ಡ ಅಡ್ಡಪರಿಣಾಮವಿಲ್ಲ, ಖರ್ಚಿಲ್ಲ. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳಿಗೆ ಒಂದಿಡೀ ಪುಟ, ಸಿಗರೇಟಿಗೆ ಕೊನೆಯಲ್ಲಿ ಒಂದೇ ಸಾಲು. ಇದು ಬದಲಾಗಲೇಬೇಕು. ಮಾತ್ರೆ ಹೇಗೆ ನುಂಗಬೇಕೆಂದು ವಿವರಿಸುವಷ್ಟೇ ಸಮಯವನ್ನು ಚಟ ಹೇಗೆ ಬಿಡಬೇಕೆಂದು ವಿವರಿಸಲೂ ಆಸ್ಪತ್ರೆಗಳು ಮೀಸಲಿಡಬೇಕು. ಇಡದಿದ್ದರೆ ನೀವೇ ಕೇಳಿ ಪಡೆಯಿರಿ.

ಶುರುವಾಗಬೇಕಾದದ್ದು ವಾರ್ಡಿನಲ್ಲೇ

ನಿಕೋಟಿನ್ ಸಿಗದಾಗ ಆಗುವ ಚಡಪಡಿಕೆ, ಸಿಡುಕು, ನಿದ್ದೆಗೇಡು ಅತಿ ಜೋರಾಗಿರುವುದು ಮೊದಲ ಎರಡು ಮೂರು ದಿನ. ಎರಡರಿಂದ ನಾಲ್ಕು ವಾರಗಳಲ್ಲಿ ಅದು ಬಹುಮಟ್ಟಿಗೆ ಇಳಿಯುತ್ತದೆ. ಹೃದಯಾಘಾತವಾಗಿ ದಾಖಲಾದವರು ಆ ಮೊದಲ ದಿನಗಳನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ, ಔಷಧದ ಮಂಪರಿನಲ್ಲಿ, ಗೊತ್ತಿಲ್ಲದೆಯೇ ಕಳೆದುಬಿಟ್ಟಿರುತ್ತಾರೆ. ಕೊನೆಯ ಸಿಗರೇಟ್ ಸೇದಿ ಒಂದು ದಿನವಾದರೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬಂದಿರುತ್ತದೆ. ಅತಿ ಕಷ್ಟದ ಭಾಗ ಮುಗಿದಿದೆ ಎಂಬುದನ್ನು ರೋಗಿಗೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ಆಸ್ಪತ್ರೆಯ ಗೇಟು ದಾಟಿ, ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿಯುವಾಗ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಶುರುಮಾಡುವುದು ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ.

ಆದ್ದರಿಂದ ಮನೆಗೆ ಹೊರಡುವ ಮುನ್ನವೇ ಕೆಲವು ಕೆಲಸ ಆಗಿರಬೇಕು. ಮನೆಯಲ್ಲಿರುವ ಪ್ಯಾಕು, ಲೈಟರು, ಆಶ್‌ಟ್ರೇ, ಬೈಕಿನ ಡಿಕ್ಕಿಯಲ್ಲಿ ಬಚ್ಚಿಟ್ಟ ಎರಡು ಸಿಗರೇಟು ಎಲ್ಲ ಆಚೆ ಹೋಗಿರಬೇಕು. ವೈದ್ಯರ ಬಳಿ ಔಷಧದ ಮಾತು ಆಗಿರಬೇಕು. ಆಸ್ಪತ್ರೆಯಲ್ಲಿ ಶುರುವಾದ ಸಲಹೆ ಮನೆಗೆ ಹೋದ ಮೇಲೂ ಕನಿಷ್ಠ ಒಂದು ತಿಂಗಳು ಫೋನಿನಲ್ಲಾದರೂ ಮುಂದುವರಿದಾಗಲೇ ಹೆಚ್ಚು ಜನ ನಿಜವಾಗಿ ಬಿಡುತ್ತಾರೆ ಎಂಬುದು ಹಲವು ಪ್ರಯೋಗಗಳಿಂದ ಸಾಬೀತಾದ ಸಂಗತಿ. ಒಂದು ದಿನದ ಬೈಗುಳದಿಂದ ಯಾರೂ ಬಿಟ್ಟಿಲ್ಲ.

ಸೇದಬೇಕೆಂಬ ತಹತಹ ಒಂದು ಸಲ ಎದ್ದರೆ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆ ಐದು ನಿಮಿಷ ದಾಟಿಸುವುದೇ ಕೆಲಸ. ಜಾಗ ಬಿಟ್ಟು ಎದ್ದು ಹೋಗಿ, ತಣ್ಣೀರು ನಿಧಾನವಾಗಿ ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ, ಬಾಯಿಗೆ ಲವಂಗವೋ ಏಲಕ್ಕಿಯೋ ಹಾಕಿಕೊಳ್ಳಿ. ಯಾವ ಹೊತ್ತಿಗೆ, ಯಾರ ಜೊತೆ, ಎಲ್ಲಿ ಸೇದುತ್ತಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಊಟವಾದ ಮೇಲೆ, ಕೆಲಸದ ನಡುವಿನ ಬಿಡುವಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ, ಗ್ಲಾಸು ಹಿಡಿದು ಕೂತಾಗ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ಬಿಟ್ಟವರೂ ಜಾರುವುದು ಕುಡಿದ ರಾತ್ರಿಯೇ. ಮೊದಲ ಕೆಲವು ತಿಂಗಳು ಅಂಥ ಕೂಟಗಳಿಂದ ದೂರ ಇರಿ.

ಕಾಫಿ ಪ್ರಿಯರಿಗೆ ಒಂದು ಮಾತು. ಹೊಗೆ ಯಕೃತ್ತಿನ ಯಾವ ಕಿಣ್ವವನ್ನು ಚುರುಕು ಮಾಡುತ್ತದೋ ಅದೇ ಕಿಣ್ವ ಕೆಫೀನನ್ನೂ ಕರಗಿಸುತ್ತದೆ. ಸೇದುವುದು ನಿಂತಾಗ ಕಿಣ್ವ ನಿಧಾನವಾಗಿ, ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಗಣನೀಯವಾಗಿ ಏರುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ‘ಸಿಗರೇಟ್ ಬಿಟ್ಟಿದ್ದಕ್ಕೇ ಹೀಗಾಗ್ತಿದೆ’ ಎಂದು ಹೆದರಿ ಮತ್ತೆ ಹಚ್ಚುವವರು ಇದ್ದಾರೆ. ಹಾಗಾಗಿ ಬಿಟ್ಟ ದಿನದಿಂದಲೇ ಕಾಫಿ, ಟೀ ಅರ್ಧಕ್ಕೆ ಇಳಿಸಿ. ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚಬಹುದು, ಮಲಬದ್ಧತೆ ಆಗಬಹುದು. ಎರಡೂ ತಾತ್ಕಾಲಿಕ. ವರ್ಷದಲ್ಲಿ ನಾಲ್ಕೈದು ಕೆ.ಜಿ. ತೂಕ ಏರುವುದೂ ಸಾಮಾನ್ಯ. ಅದನ್ನು ನಡಿಗೆ, ಊಟದ ಹಿಡಿತದಿಂದ ನೋಡಿಕೊಳ್ಳಬಹುದು. ತೂಕದ ಭಯಕ್ಕೆ ಸಿಗರೇಟ್ ಹಿಡಿದುಕೊಂಡಿರುವುದು ಬುದ್ಧಿವಂತಿಕೆಯಲ್ಲ.

ಔಷಧದ ನೆರವು ಪಡೆಯಲು ಸಂಕೋಚ ಬೇಡ

‘ಮನಸ್ಸು ಗಟ್ಟಿ ಮಾಡಿದ್ರೆ ಸಾಕು’ ಎಂಬ ಮಾತು ಕೇಳಲು ಚೆನ್ನ. ಮನಸ್ಸು ಗಟ್ಟಿ ಮಾಡಿ ಬಿಟ್ಟವರೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಮೂವತ್ತು ವರ್ಷ ನಿಕೋಟಿನ್‌ಗೆ ಒಗ್ಗಿದ ಮೆದುಳಿಗೆ ನೆರವು ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಸುಲಭವಾಗಿ ಸಿಗುವುದು ನಿಕೋಟಿನ್ ಚ್ಯೂಯಿಂಗ್ ಗಮ್. 2 ಮತ್ತು 4 ಮಿಲಿಗ್ರಾಂ ಪ್ರಮಾಣದಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುತ್ತಿದ್ದವರಿಗೆ ಸಾಮಾನ್ಯವಾಗಿ 4 ಬೇಕು. ಇದನ್ನು ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿಯುವುದರಿಂದಲೇ ಅನೇಕರಿಗೆ ಅದು ಹತ್ತುವುದಿಲ್ಲ. ನಾಲ್ಕಾರು ಸಲ ನಿಧಾನವಾಗಿ ಅಗಿದಾಗ ನಾಲಿಗೆಗೆ ಮೆಣಸಿನಂಥ ಚುರುಕು ತಿಳಿಯುತ್ತದೆ. ಕೂಡಲೇ ಅಗಿಯುವುದು ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ನಿಕೋಟಿನ್ ಒಳಹೋಗುವುದು ಆ ಚರ್ಮದ ಮೂಲಕ. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು, ಇನ್ನೊಂದು ಕೆನ್ನೆಗೆ ಸರಿಸಬೇಕು. ಹೀಗೆ ಅರ್ಧ ಗಂಟೆ. ಜೊಲ್ಲು ನುಂಗುತ್ತಾ ಹೋದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆಯೇ ಹೊರತು ಪ್ರಯೋಜನವಿಲ್ಲ. ಗಮ್ ಹಾಕುವ ಕಾಲು ಗಂಟೆ ಮೊದಲಿಂದ ಕಾಫಿ, ಟೀ, ಹಣ್ಣಿನ ರಸ, ಸೋಡಾ ಬೇಡ; ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಇದೆ.

‘ನಿಕೋಟಿನ್ನೇ ಹೃದಯಕ್ಕೆ ಕೆಟ್ಟದ್ದಲ್ವಾ, ಮತ್ತೆ ಅದನ್ನೇ ಯಾಕೆ?’ ಎಂದು ಕೇಳುವುದು ಸಹಜ. ಗಮ್ಮಿನಿಂದ ಬರುವ ನಿಕೋಟಿನ್ ಸಿಗರೇಟಿನದಕ್ಕಿಂತ ಕಡಿಮೆ ಮತ್ತು ನಿಧಾನ. ಕಾರ್ಬನ್ ಮಾನಾಕ್ಸೈಡ್ ಇಲ್ಲ, ಟಾರ್ ಇಲ್ಲ, ಹೊಗೆಯ ಸಾವಿರಾರು ರಾಸಾಯನಿಕಗಳಿಲ್ಲ. ಸ್ಥಿರವಾಗಿರುವ ಹೃದ್ರೋಗಿಗಳಲ್ಲಿ ಇದು ಸುರಕ್ಷಿತ ಎಂದು ಕಂಡುಬಂದಿದೆ. ಹೃದಯಾಘಾತವಾಗಿ ಎರಡು ವಾರ ಆಗಿಲ್ಲದಿದ್ದರೆ, ಹೃದಯದ ಬಡಿತದಲ್ಲಿ ಗಂಭೀರ ಏರುಪೇರು ಇದ್ದರೆ, ಎದೆನೋವು ಹೆಚ್ಚುತ್ತಿದ್ದರೆ ಮಾತ್ರ ಹೃದ್ರೋಗ ತಜ್ಞರನ್ನು ಕೇಳದೆ ಮುಟ್ಟಬೇಡಿ.

ಮಾತ್ರೆಗಳಲ್ಲಿ ವೆರೆನಿಕ್ಲಿನ್ ಹೆಚ್ಚು ಪರಿಣಾಮಕಾರಿ. ಬಿಡುವ ದಿನಕ್ಕೆ ಒಂದು ವಾರ ಮೊದಲು ಶುರುಮಾಡಿ, ಸಾಮಾನ್ಯವಾಗಿ 12 ವಾರ ನುಂಗಬೇಕು. ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ಇದು ತಾನು ಕೂತು ತಹತಹ ತಗ್ಗಿಸುತ್ತದೆ, ಸೇದಿದರೂ ಮೊದಲಿನ ಖುಷಿ ಸಿಗದಂತೆ ಮಾಡುತ್ತದೆ. ಹೃದಯಾಘಾತದಂಥ ತುರ್ತಿನಲ್ಲಿ ದಾಖಲಾದವರ ಮೇಲೆಯೇ ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರು ತಿಂಗಳ ಹೊತ್ತಿಗೆ ಈ ಮಾತ್ರೆ ಪಡೆದವರಲ್ಲಿ ಶೇ 47ರಷ್ಟು ಮಂದಿ ಸೇದುತ್ತಿರಲಿಲ್ಲ. ಸುಳ್ಳು ಮಾತ್ರೆ ಪಡೆದವರಲ್ಲಿ ಅದು ಶೇ 32ರ ಆಸುಪಾಸು. ವಾಕರಿಕೆ ಮತ್ತು ವಿಚಿತ್ರ ಕನಸು ಇದರ ಸಾಮಾನ್ಯ ತೊಂದರೆಗಳು. ಊಟದ ನಂತರ ನುಂಗಿದರೆ ವಾಕರಿಕೆ ಕಡಿಮೆ. ಬುಪ್ರೋಪಿಯಾನ್ ಎಂಬ ಮತ್ತೊಂದು ಮಾತ್ರೆಯೂ ಇದೆ, ಫಿಟ್ಸ್ ಇರುವವರಿಗೆ ಅದು ಕೂಡದು. ಎರಡಕ್ಕೂ ವೈದ್ಯರ ಚೀಟಿ ಬೇಕು.

ಬೀಡಿ, ಕಡ್ಡಿಪುಡಿ, ಹುಕ್ಕಾ

‘ನಾನು ಸಿಗರೇಟ್ ಮುಟ್ಟಲ್ಲ, ಬೀಡಿ ಅಷ್ಟೇ’ ಎನ್ನುವ ಹಳ್ಳಿಯ ಹಿರಿಯರು ಎಷ್ಟೋ ಮಂದಿ. ಎಲೆಯಲ್ಲಿ ಸುತ್ತಿದ ಬೀಡಿ ಬೇಗ ಆರಿಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಆಳವಾಗಿ ಎಳೆಯಬೇಕು. ಒಳಹೋಗುವ ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನದಕ್ಕಿಂತ ಕಡಿಮೆಯಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೀಡಿ ಸೇದುವವರಿಗೆ ಹೃದಯಾಘಾತದ ಸಾಧ್ಯತೆ ಸುಮಾರು ಮೂರು ಪಟ್ಟು. ಸಿಗರೇಟ್ ಬಿಟ್ಟು ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾಕ್ಕೆ ಜಾರುವವರೂ ಗಮನಿಸಬೇಕು: ಅದೇ ಅಧ್ಯಯನದಲ್ಲಿ ತಂಬಾಕು ಜಗಿಯುವವರ ಅಪಾಯ ಎರಡು ಪಟ್ಟಿಗೂ ಮೇಲೆ, ಸೇದುವುದೂ ಜಗಿಯುವುದೂ ಎರಡೂ ಇದ್ದವರಲ್ಲಿ ನಾಲ್ಕು ಪಟ್ಟು. ಹುಕ್ಕಾದ ನೀರು ವಿಷವನ್ನು ಸೋಸುವುದಿಲ್ಲ. ಇ-ಸಿಗರೇಟ್ ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ.

ಮನೆಯವರಿಗೆ

ಸ್ಟೆಂಟ್ ಹಾಕಿಸಿಕೊಂಡವರು ಒಮ್ಮೆಯೂ ಸೇದಿಲ್ಲದಿರಬಹುದು, ಮಗನೋ ಗಂಡನೋ ಬಾಲ್ಕನಿಯಲ್ಲಿ ಸೇದುತ್ತಿರಬಹುದು. ಮನೆಯಲ್ಲಿ ಇತರರ ಹೊಗೆ ಕುಡಿಯುವವರಿಗೆ ಹೃದ್ರೋಗದ ಅಪಾಯ ಶೇ 25ರಿಂದ 30ರಷ್ಟು ಹೆಚ್ಚು. ಅಮ್ಮನ ಎದೆಯಲ್ಲಿ ಸ್ಟೆಂಟ್ ಇದ್ದರೆ ಬಿಡಬೇಕಾದವರು ಮಗ.

ಬಿಟ್ಟವರು ಒಂದು ದಿನ ಜಾರಿ ಸೇದಿಬಿಟ್ಟರೆ ಮನೆ ಎತ್ತಿಹೋಗುವಂತೆ ಜಗಳ ಬೇಡ. ಬಹಳಷ್ಟು ಜನ ಹಲವು ಪ್ರಯತ್ನಗಳ ನಂತರವೇ ಪೂರ್ತಿ ಬಿಟ್ಟಿರುವುದು. ಬೈದರೆ ಅವರು ಕದ್ದು ಸೇದುತ್ತಾರೆ, ವೈದ್ಯರ ಮುಂದೆ ಸುಳ್ಳು ಹೇಳುತ್ತಾರೆ, ತಪಾಸಣೆಗೇ ಹೋಗುವುದನ್ನು ನಿಲ್ಲಿಸುತ್ತಾರೆ. ‘ಎಲ್ಲಿ, ಯಾವಾಗ ಆಯ್ತು’ ಎಂದು ಕೇಳಿ, ಆ ಸಂದರ್ಭ ಮತ್ತೆ ಬರದಂತೆ ಏನು ಮಾಡಬಹುದು ಎಂದು ಕೂತು ಮಾತಾಡಿ. ಮಾತ್ರೆಗಳನ್ನು ಮಾತ್ರ ಎಣಿಸಿ ನೋಡಿ. ಒಂದು ಸಿಗರೇಟ್ ಸೇದಿದ ಅಪರಾಧಿ ಭಾವದಲ್ಲಿ ‘ಇನ್ನೇನು ಪ್ರಯೋಜನ’ ಎಂದು ಮಾತ್ರೆಯನ್ನೂ ಬಿಡುವುದು ಎಲ್ಲಕ್ಕಿಂತ ಅಪಾಯ. ಹಲ್ಲು ಕೀಳಿಸಲು ಹೋದಾಗ ಯಾರೋ ಹೇಳಿದರೆಂದು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುವುದೂ ಕೂಡದು. ಹೃದ್ರೋಗ ತಜ್ಞರನ್ನು ಕೇಳಿಯೇ ಮುಂದಿನ ಹೆಜ್ಜೆ. ಟಿಕಾಗ್ರೆಲಾರ್ ನುಂಗುವ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಅದು ಸಿಗರೇಟಿನದೋ, ಮಾತ್ರೆಯದೋ, ಹೃದಯದ್ದೋ ಎಂದು ನೀವೇ ತೀರ್ಮಾನಿಸದೆ ವೈದ್ಯರಿಗೆ ಹೇಳಿ.

ಸ್ಟೆಂಟ್ ಇರುವವರಿಗೆ ಎದೆ ಬಿಗಿತ, ಬೆವರು, ದವಡೆಗೋ ಎಡಗೈಗೋ ಹರಿಯುವ ನೋವು, ಏಕಾಏಕಿ ಉಸಿರಾಟದ ತೊಂದರೆ ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಕಾಣಿಸಬಹುದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಸ್ವತಃ ಗಾಡಿ ಓಡಿಸಬೇಡಿ. ಸ್ಟೆಂಟ್ ಕಾರ್ಡ್, ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆ ಇದೆ ಎಂದಿದ್ದರು. ಯೋಚನೆಯನ್ನು ಕೆಲಸಕ್ಕೆ ಇಳಿಸಲು ಉಚಿತ ನೆರವು ಇದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಸ್ಟೆಂಟ್ ಹಾಕಿಸಿಕೊಂಡು ವಾರವಾಗಿರಲಿ, ಹತ್ತು ವರ್ಷವಾಗಿರಲಿ, ಜೇಬಿನಲ್ಲಿ ಇನ್ನೂ ಸಿಗರೇಟ್ ಪ್ಯಾಕ್ ಇದ್ದರೆ ಅದರ ಮೇಲೆಯೇ ಆ ಸಂಖ್ಯೆ ಮುದ್ರಿಸಿದೆ: 1800-11-2356. ದಯವಿಟ್ಟು ಇವತ್ತೇ ಕರೆ ಮಾಡಿ.